ಸೇಲ್ಸ್ ನ್ಯಾವಿಗೇಟರ್: ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಕೊಟ್ಟ ದುಡ್ಡು ಗಿಟ್ಟುತ್ತದೆಯೇ?

ಹತ್ತರಿಂದ ಐವತ್ತು ಜನರಿರುವ ಐಟಿ ಸರ್ವಿಸ್ ಕಂಪನಿ ಬೆಂಗಳೂರಿನಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಹೊರದೇಶದ ಹೊಸ ಕ್ಲೈಂಟ್ ಬೇಕೆಂದಾಗ ಮೊದಲು ಕೈಹಾಕುವುದು ಲಿಂಕ್ಡ್‌ಇನ್‌ಗೆ. ಕ್ಲೈಂಟ್ ಆಗಬಲ್ಲವರನ್ನು ಹುಡುಕಿ ಸಂಪರ್ಕಿಸಲು ಅದು ಚಂದಾಕ್ಕೆ ಕೊಡುವ ಟೂಲ್ ಆದ ಸೇಲ್ಸ್ ನ್ಯಾವಿಗೇಟರ್ ಮೂರು ಪ್ಲ್ಯಾನ್‌ಗಳಲ್ಲಿ ಬರುತ್ತದೆ: ಕೋರ್, ಅಡ್ವಾನ್ಸ್‌ಡ್, ಅಡ್ವಾನ್ಸ್‌ಡ್ ಪ್ಲಸ್. ಒಬ್ಬಿಬ್ಬರೇ ಸೇಲ್ಸ್ ನೋಡಿಕೊಳ್ಳುವ ಕಡೆ ಕೋರ್ ಸಾಕು. ಕಳಿಸಿದ ಪ್ರಪೋಸಲ್ ಅನ್ನು ಯಾರು ತೆರೆದರು, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತರು ಎಂದು ತೋರಿಸುವ ಸ್ಮಾರ್ಟ್ ಲಿಂಕ್ಸ್ ಬೇಕಿದ್ದರೆ ಮಾತ್ರ ಅಡ್ವಾನ್ಸ್‌ಡ್ ತೆಗೆದುಕೊಳ್ಳಿ.

ಇದರ ನಿಜವಾದ ಬಲ ಫಿಲ್ಟರ್‌ಗಳಲ್ಲಿದೆ, ಎಡವುವುದೂ ಅಲ್ಲೇ. ಒಂದು ಹುಡುಕಾಟಕ್ಕೆ ಗರಿಷ್ಠ 2,500 ಜನ ಅಥವಾ 1,000 ಕಂಪನಿಗಳಷ್ಟೇ ಕಾಣುತ್ತವೆ. ಫಲಿತಾಂಶ ಆ ಮಿತಿ ಮೀರಿದರೆ ನಿಮ್ಮ ಹುಡುಕಾಟ ಇನ್ನೂ ತೀರಾ ಹರಡಿಕೊಂಡಿದೆ ಎಂದರ್ಥ. ಮೊದಲು ಕಂಪನಿಯ ಗಾತ್ರ ಹಾಕಿ. ಇಪ್ಪತ್ತು ಜನರ ತಂಡಕ್ಕೆ 51–200 ಮತ್ತು 201–500 ಉದ್ಯೋಗಿಗಳಿರುವ ಕಂಪನಿಗಳು ಹೊಂದುತ್ತವೆ. ಸಾವಿರ ದಾಟಿದ ಕಂಪನಿಗಳಲ್ಲಿ ವೆಂಡರ್ (ಹೊರಗಿನಿಂದ ಕೆಲಸ ಮಾಡಿಕೊಡುವ ಕಂಪನಿ) ನೋಂದಣಿಗೇ ತಿಂಗಳುಗಳು ಹಿಡಿಯಬಹುದು. ಮಾಹಿತಿ ಭದ್ರತೆಗೆ ಐಎಸ್‌ಒ 27001 ಪ್ರಮಾಣಪತ್ರ ಇದೆಯೇ, ಎಸ್‌ಒಸಿ 2 ಆಡಿಟ್ ವರದಿ ಇದೆಯೇ ಎಂಬ ಪ್ರಶ್ನೆಗಳು ದರದ ಮಾತಿಗಿಂತ ಮೊದಲೇ ಬರುತ್ತವೆ. 1–10ರ ಗುಂಪಿನಲ್ಲಿ ಒಬ್ಬಂಟಿ ಕನ್ಸಲ್ಟೆಂಟ್‌ಗಳೇ ತುಂಬಿರುತ್ತಾರೆ.

ಹುದ್ದೆಯ ಹೆಸರಿನಲ್ಲಿ ಎಚ್ಚರ ಬೇಕು. ‘ಸಿಟಿಒ’ (ತಂತ್ರಜ್ಞಾನ ವಿಭಾಗದ ಮುಖ್ಯಸ್ಥ) ಎಂದಷ್ಟೇ ಹಾಕಿದರೆ ಸಿಟಿಒಗಳ ಆಪ್ತ ಸಹಾಯಕರೂ ಪಟ್ಟಿಗೆ ನುಗ್ಗುತ್ತಾರೆ. ಅವರನ್ನು ‘ನಾಟ್’ ಹಾಕಿ ತೆಗೆಯಿರಿ. ಅಂಡ್, ಆರ್, ನಾಟ್ ಮೂರನ್ನೂ ಇಂಗ್ಲಿಷ್ ಕ್ಯಾಪಿಟಲ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಬ್ರಿಟನ್ನಿನಲ್ಲಿ ‘ಡೈರೆಕ್ಟರ್’ ಎಂದರೆ ಸಣ್ಣ ಕಂಪನಿಯ ಮಾಲೀಕನೇ ಆಗಿರಬಹುದು, ಅಮೆರಿಕದ ದೊಡ್ಡ ಕಂಪನಿಯಲ್ಲಿ ಮಧ್ಯದ ಮೆಟ್ಟಿಲಿನ ಮ್ಯಾನೇಜರ್. ಆದ್ದರಿಂದ ಎರಡು ದೇಶಗಳನ್ನು ಒಂದೇ ಹುಡುಕಾಟದಲ್ಲಿ ಬೆರೆಸಬೇಡಿ.

ಬೆಂಗಳೂರಿನ ಜಿಸಿಸಿಗಳನ್ನು, ಅಂದರೆ ವಿದೇಶಿ ಕಂಪನಿಗಳು ಇಲ್ಲಿ ನಡೆಸುವ ಕೇಂದ್ರಗಳನ್ನು, ಹಿಡಿಯುವ ದಾರಿ ಸುಲಭ: ವ್ಯಕ್ತಿಯ ಊರು ಬೆಂಗಳೂರು, ಕಂಪನಿಯ ಕೇಂದ್ರ ಕಚೇರಿ ಅಮೆರಿಕ ಅಥವಾ ಜರ್ಮನಿ. ಇವೆರಡಕ್ಕೂ ಬೇರೆ ಬೇರೆ ಫಿಲ್ಟರ್ ಇದೆ. ಇಲ್ಲಿನ ಇಂಜಿನಿಯರಿಂಗ್ ಮುಖ್ಯಸ್ಥರು ನಿಮ್ಮ ಕೆಲಸ ಮೆಚ್ಚಿದರೂ ಬಜೆಟ್ ಸಹಿ ಆ ಕೇಂದ್ರ ಕಚೇರಿಯದೇ ಇರುವುದುಂಟು. ಮೊದಲ ಮೀಟಿಂಗ್‌ನಲ್ಲೇ ‘ವೆಂಡರ್ ಒಪ್ಪಿಗೆ ಎಲ್ಲಿಂದ ಬರಬೇಕು?’ ಎಂದು ಕೇಳಿ, ಆ ಕಡೆಯವರನ್ನೂ ಅದೇ ಲೀಡ್ ಲಿಸ್ಟ್‌ಗೆ (ಸಂಪರ್ಕಿಸಬೇಕಾದವರ ಪಟ್ಟಿಗೆ) ಸೇರಿಸಿ.

ಎಲ್ಲಕ್ಕಿಂತ ಹೆಚ್ಚು ಬೆಲೆ ಬಾಳುವ ಫಿಲ್ಟರ್, ಕಳೆದ 90 ದಿನಗಳಲ್ಲಿ ಕೆಲಸ ಬದಲಿಸಿದವರದು. ಹೊಸದಾಗಿ ಬಂದ ವಿಪಿ (ವೈಸ್ ಪ್ರೆಸಿಡೆಂಟ್) ಹಳೆಯ ವೆಂಡರ್‌ಗಳನ್ನು ಪರಿಶೀಲಿಸುವ ಕಾಲ ಅದು. ಅದರ ಜೊತೆಗೆ ‘ಕಳೆದ 30 ದಿನಗಳಲ್ಲಿ ಪೋಸ್ಟ್ ಮಾಡಿದವರು’ ಎಂಬುದನ್ನೂ ಹಾಕಿದರೆ ಲಿಂಕ್ಡ್‌ಇನ್ ತೆರೆದೇ ನೋಡದವರು ಉದುರಿಹೋಗುತ್ತಾರೆ. ಈ ಹುಡುಕಾಟವನ್ನು ಸೇವ್ ಮಾಡಿಟ್ಟರೆ ಹೊಸ ಹೆಸರುಗಳು ತಾವಾಗಿಯೇ ಬರುತ್ತಿರುತ್ತವೆ.

ಪರಿಚಯವಿಲ್ಲದವರಿಗೂ ನೇರವಾಗಿ ಕಳಿಸಬಹುದಾದ ಸಂದೇಶ, ಅಂದರೆ ಇನ್‌ಮೇಲ್, ತಿಂಗಳಿಗೆ 50 ಸಿಗುತ್ತವೆ, ಬಳಸದಿದ್ದವು 150ರವರೆಗೆ ಕೂಡುತ್ತವೆ. 90 ದಿನಗಳೊಳಗೆ ಉತ್ತರ ಬಂದರೆ, ‘ಬೇಡ’ ಎಂಬ ಉತ್ತರವಾದರೂ, ಆ ಇನ್‌ಮೇಲ್ ನಿಮ್ಮ ಲೆಕ್ಕಕ್ಕೆ ವಾಪಸ್ಸು. 1,900 ಅಕ್ಷರಗಳಿಗೆ ಜಾಗವಿದ್ದರೂ 400 ದಾಟಬೇಡಿ. ಕಂಪನಿಯ ಇತಿಹಾಸ, ಗೆದ್ದ ಪ್ರಶಸ್ತಿ ಬೇಡ. ಅವರ ಕಡೆ ಕಂಡ ಒಂದು ಸಂಗತಿ, ಅದಕ್ಕೆ ಹೊಂದುವ ನಿಮ್ಮ ಒಂದು ಕೆಲಸ, ಒಂದು ಪ್ರಶ್ನೆ ಸಾಕು. ಬೇಗ ಆಗಲೆಂದು ಬೇರೆಯವರ ಆಟೊಮೇಷನ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳುವುದು ಲಿಂಕ್ಡ್‌ಇನ್ ನಿಯಮಕ್ಕೆ ವಿರುದ್ಧ. ಖಾತೆಗೇ ಬೀಗ ಬೀಳಬಹುದು. ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳುವ ಸೌಲಭ್ಯ ಕೊಟ್ಟಿಲ್ಲ. ಇದು ದೊಡ್ಡ ಕೊರತೆಯೇ.

ಚೌಕಾಸಿಯ ಹಂತದಲ್ಲೂ ಇದು ಉಪಯೋಗಕ್ಕೆ ಬರುತ್ತದೆ, ಬಹಳ ಮಂದಿ ಅದನ್ನು ಗಮನಿಸುವುದಿಲ್ಲ. ಕ್ಲೈಂಟ್ ಕಂಪನಿಯ ಪುಟದಲ್ಲಿ ಯಾವ ವಿಭಾಗ ಬೆಳೆಯುತ್ತಿದೆ, ಯಾವ ಹುದ್ದೆಗಳು ಖಾಲಿಯಿವೆ, ಉದ್ಯೋಗಿಗಳು ಸಾಮಾನ್ಯವಾಗಿ ಎಷ್ಟು ಕಾಲ ಉಳಿಯುತ್ತಾರೆ ಎಂಬುದು ಕಾಣುತ್ತದೆ. ನೀವು ಕೊಡುವ ಕೌಶಲಕ್ಕೇ ಅವರು ಜನ ಹುಡುಕುತ್ತಿದ್ದರೆ, ನಿಮ್ಮ ಗಂಟೆಯ ದರ ತೂಗುವುದು ಇನ್ನೊಬ್ಬ ವೆಂಡರ್ ಜೊತೆಯಲ್ಲ, ಆ ಖಾಲಿ ಕುರ್ಚಿಯ ಜೊತೆ. ಜನ ಬೇಗ ಬಿಟ್ಟುಹೋಗುವ ಕಂಪನಿಯಾದರೆ ದರ ಇಳಿಸುವ ಬದಲು ಅದೇ ತಂಡವನ್ನು ವರ್ಷಪೂರ್ತಿ ಉಳಿಸುವ ಭರವಸೆ ಕೊಡಿ.

ಇಲ್ಲಿಂದಾಚೆಗೆ ಟೂಲ್ ನೆರವಾಗದು. ಕ್ಲೈಂಟ್ ದರ 8% ಕಡಿಮೆ ಮಾಡಿ ಎಂದರೆ ಬದಲಿಗೆ ಏನಾದರೂ ಕೇಳದೆ ಒಪ್ಪಬೇಡಿ: ಹನ್ನೆರಡು ತಿಂಗಳ ಒಪ್ಪಂದ, ಇಲ್ಲವೇ 60 ದಿನಗಳ ಪಾವತಿ ಗಡುವನ್ನು 30ಕ್ಕೆ ಇಳಿಸುವುದು. ಗಡುವಿನ ಲೆಕ್ಕ ಮಾಡಿ ನೋಡಿ. ತಿಂಗಳ ಕೊನೆಗೆ ಬಿಲ್ ಕಳಿಸಿ 60 ದಿನ ಕಾದರೆ, ಮೊದಲ ದುಡ್ಡು ಕೈಸೇರುವ ಹೊತ್ತಿಗೆ ಇಡೀ ತಂಡಕ್ಕೆ ಮೂರು ತಿಂಗಳ ಸಂಬಳ ಕೊಟ್ಟಿರುತ್ತೀರಿ. 8%ಗಿಂತ ಸಣ್ಣ ಕಂಪನಿಯ ಬೆನ್ನು ಮುರಿಯುವುದು ಇದೇ. ನಷ್ಟವಾದರೆ ನೀವು ತುಂಬಿಕೊಡುವ ಹೊಣೆಗಾರಿಕೆಗೆ ಹಿಂದಿನ ಹನ್ನೆರಡು ತಿಂಗಳ ಬಿಲ್ ಮೊತ್ತದ ಮಿತಿ ಇರಲಿ. ಕೋಡ್‌ನ ಹಕ್ಕು ಪಾವತಿಯಾದ ಮೇಲೆಯೇ ಕ್ಲೈಂಟ್‌ಗೆ ದಾಟುತ್ತದೆ ಎಂದು ಬರೆಸಿ.

ನಮ್ಮ ತೀರ್ಪು: ಯಾವ ಉದ್ಯಮದ, ಯಾವ ಗಾತ್ರದ ಕ್ಲೈಂಟ್ ಬೇಕೆಂದು ಗಟ್ಟಿಯಾಗಿ ಹೇಳಬಲ್ಲ ಕಂಪನಿಗೆ ಕೋರ್ ಪ್ಲ್ಯಾನ್ ಖಂಡಿತ ಗಿಟ್ಟುತ್ತದೆ. ‘ಯಾರಾದರೂ ಸರಿ, ಏನಾದರೂ ಮಾಡಿಕೊಡುತ್ತೇವೆ’ ಎನ್ನುವವರು ಸದ್ಯಕ್ಕೆ ಕೊಳ್ಳಬೇಡಿ. ಕೊಂಡವರು ನಿಲ್ಲಿಸುವ ಮುನ್ನ ಒಂದು ಕೆಲಸ ಮಾಡಬೇಕು. ಇದರ ಇನ್‌ಬಾಕ್ಸ್ ಸಾಮಾನ್ಯ ಲಿಂಕ್ಡ್‌ಇನ್ ಇನ್‌ಬಾಕ್ಸ್‌ಗಿಂತ ಬೇರೆ. ಚಂದಾ ಮುಗಿದರೆ ಅಲ್ಲಿನ ಸಂದೇಶಗಳು, ಲಿಸ್ಟ್‌ಗಳು, ನೋಟ್‌ಗಳು ಯಾವುದೂ ತೆರೆಯುವುದಿಲ್ಲ. ನಡೆಯುತ್ತಿರುವ ಮಾತುಕತೆಗಳನ್ನು ಮೊದಲೇ ನಿಮ್ಮ ಸಿಆರ್‌ಎಂಗೆ (ಗ್ರಾಹಕರ ವಿವರ ಇಡುವ ಸಾಫ್ಟ್‌ವೇರ್‌ಗೆ) ನಕಲು ಮಾಡಿಕೊಳ್ಳಿ.