ನೈಟ್ರೋ ಹತ್ತೋದಾದ್ರೆ ಮೊದಲನೇ ಸಾಲಲ್ಲೇ ಕೂತ್ಕೊಳ್ಳಿ

ಪುಣೆ ಕಡೆ ಹೋಗೋರಿದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಮುಂಬೈ-ಪುಣೆ ದಾರಿಲಿ ಖೋಪೋಲಿ ಹತ್ರ ಇರೋ ಇಮ್ಯಾಜಿಕಾ ಪಾರ್ಕಿನ ನೈಟ್ರೋ ರೋಲರ್ ಕೋಸ್ಟರ್. ತೀರ್ಥಹಳ್ಳಿಯಿಂದ ನಾನು, ಭಾವ, ಅಕ್ಕನ ಮಗ ಮೂರು ಜನ ಹೊರಟು ಶಿವಮೊಗ್ಗದಲ್ಲಿ ರಾತ್ರಿ ಬಸ್ ಹತ್ತಿದ್ವಿ (ಆ ಸ್ಲೀಪರ್ ಬಸ್ಸಿನ ಕಥೆ ಕೇಳ್ಬೇಡಿ, ಹುಬ್ಬಳ್ಳಿವರೆಗೂ ಏಸಿ ನೀರು ನನ್ನ ಕಿವಿಗೇ ತೊಟ್ಟಿಕ್ತಿತ್ತು).

ಇದು ಫ್ಲೋರ್‌ಲೆಸ್ ಕೋಸ್ಟರ್. ಅಂದ್ರೆ ಕಾಲಿಡೋಕೆ ತಳಾನೇ ಇಲ್ಲ, ಬರೀ ಕುರ್ಚಿ, ಸಾಲಿಗೆ ನಾಲ್ಕು, ಕಾಲು ಜೋತಾಡ್ತಿರ್ತವೆ, ಅದರ ಕೆಳಗೇ ಹಳಿ. ಹತ್ತೋವಾಗ ನೆಲ ಇರುತ್ತೆ, ಭುಜದ ಮೇಲಿಂದ ಹಾರ್ನೆಸ್ ಬಂದು ಲಾಕ್ ಆದ್ಮೇಲೆ ಪ್ಲಾಟ್‌ಫಾರ್ಮಿನ ನೆಲಾನೇ ಕೆಳಕ್ಕೆ ಸರಿಯುತ್ತೆ. ಹುಡುಗ "ಮಾವಾ, ನೆಲ ಹೋಯ್ತು!" ಅಂತ ಕಿರುಚಿದ. ಪ್ರಾಯದಲ್ಲಿ ಅಡಿಕೆ ಮರ ಹತ್ತಿ ಕೊನೆ ಕೊಯ್ದಿರೋ ಭಾವ ಮೆಲ್ಲಗೆ ಅಂದ್ರು, "ಮರದಲ್ಲಿ ಕಾಲಿಗೆ ಹಗ್ಗ ಆದ್ರೂ ಇರ್ತದೆ ಮಾರಾಯಾ, ಇಲ್ಲಿ ಎಂತದೂ ಇಲ್ವಲ್ಲ."

ಎತ್ತರ ಸುಮಾರು 40 ಮೀಟರ್, ನಮ್ಮ ತೋಟದ ಉದ್ದದ ಅಡಿಕೆ ಮರದ ಮೇಲೆ ಇನ್ನೊಂದು ಮರ ನಿಲ್ಲಿಸಿದ ಹಾಗೆ. ಮೇಲೆ ಹೋದಾಗ ಸುತ್ತ ಕಾಣೋದು ಇದೇ ನಮ್ಮ ಸಹ್ಯಾದ್ರಿ ಗುಡ್ಡ, ಅರೆಕ್ಷಣ ಊರಲ್ಲೇ ಇದೀನಿ ಅನ್ನಿಸ್ತು, ಅಷ್ಟರಲ್ಲಿ ಬಿಟ್ಬಿಟ್ರು. ಚೈನ್ ಎಳೆದು ಮೇಲೆ ತಂದಾದ್ಮೇಲೆ ಎಂಜಿನ್ನೇ ಇಲ್ಲ, ಬಿದ್ದ ವೇಗದಲ್ಲೇ ಓಡ್ಬೇಕು, ಗಂಟೆಗೆ ಸುಮಾರು 105 ಕಿಲೋಮೀಟರ್, ಐದು ಸಲ ತಲೆಕೆಳಗು. ಬೀಳಲ್ವಾ ಅಂತ ಅಮ್ಮ ಫೋನಲ್ಲಿ ಕೇಳಿದ್ರು. ನೀರು ತುಂಬಿದ ಚೊಂಬನ್ನ ಗಿರ್ರಂತ ತಿರುಗಿಸಿದ್ರೆ ನೀರು ಚೆಲ್ಲಲ್ವಲ್ಲ, ಅದೇ ಲೆಕ್ಕ, ವೇಗವೇ ಸೀಟಿಗೆ ಒತ್ತಿ ಹಿಡಿಯುತ್ತೆ.

ಈಗ ಅಸಲು ವಿಷಯ. ಮೊದಲನೇ ಸಲ ಹಿಂದಿನ ಸಾಲು ಸಿಕ್ತು. ಎದುರಿಗೆ ಬರೀ ಕುರ್ಚಿ ಬೆನ್ನು, ತಳ ಇಲ್ಲ ಅನ್ನೋದೇ ಮರೆತು ಹೋಯ್ತು, ಮಜಾ ಇದೆ ಆದ್ರೆ ಇಷ್ಟಕ್ಕೆ ಇಷ್ಟು ದೂರ ಬರ್ಬೇಕಿತ್ತಾ ಅನ್ನಿಸ್ತು. ಎರಡನೇ ಸಲ ಮೊದಲ ಸಾಲಿಗೇ ಅಂತ ಕಾದು ಕೂತ್ಕೊಂಡ್ವಿ. ಅಯ್ಯಪ್ಪಾ! ಎದುರಿಗೆ ಯಾರೂ ಇಲ್ಲ, ಏನೂ ಇಲ್ಲ, ಹಳಿ ಸೀದಾ ಕಾಲ್ಬೆರಳ ಕೆಳಗೇ ನುಗ್ಗಿ ಬರುತ್ತೆ, ಉಜ್ಜೇ ಬಿಡುತ್ತೆ ಅಂತ ನಾನು ಮಂಡಿ ಮಡಚಿ ಕಾಲು ಮೇಲೆತ್ತಿಕೊಂಡಿದ್ದೆ, ಭಯ ಎತ್ತರದ್ದಲ್ಲ, ಕಾಲಿಂದು. ಎರಡೂ ಬೇರೆ ಬೇರೆ ರೈಡೇ ಅನ್ಕೊಳ್ಳಿ.

ಇನ್ನೊಂದು, ಆಗುಂಬೆ ಘಾಟಿಯ 14 ತಿರುವಲ್ಲಿ ಪ್ರತಿ ಸಲ ಕವರ್ ಹಿಡ್ಕೊಂಡು ಕೂರೋ ಗಿರಾಕಿ ನಾನು, ಇದರಲ್ಲಿ ಒಂಚೂರೂ ಹೊಟ್ಟೆ ತೊಳಸ್ಲಿಲ್ಲ. ಅಷ್ಟು ನುಣುಪಾಗಿ ಓಡುತ್ತೆ. ಮಾಡಿರೋದು ಸ್ವಿಟ್ಜರ್ಲೆಂಡಿನ ಬೊಲಿಗರ್ ಆ್ಯಂಡ್ ಮಬಿಲಾರ್ಡ್, 1999ರಲ್ಲಿ ಅಮೆರಿಕದ ನ್ಯೂಜೆರ್ಸಿಲಿ ಮೆಡೂಸಾ ಅಂತ ಮೊಟ್ಟಮೊದಲ ಫ್ಲೋರ್‌ಲೆಸ್ ಕಟ್ಟಿದ್ದೂ ಅವರೇ.

ತಲೆ ಹಿಂದಕ್ಕೆ ಒರಗಿಸಿಯೇ ಕೂರಿ. ಹವಾಯಿ ಚಪ್ಪಲಿ ಬೇಡ, ಕಾಲಡಿ ಏನೂ ಇಲ್ಲ ಅಂದ್ಮೇಲೆ ಬಿದ್ರೆ ಬಿತ್ತು. ಮಳೆಗಾಲದಲ್ಲಂತೂ ಹೋಗ್ಲೇಬೇಡಿ, ಅಲ್ಲಿಯದೂ ಘಟ್ಟದ ಮಳೆನೇ, ಗುಡುಗು ಸಿಡಿಲು ಅಂತ ರೈಡ್ ನಿಲ್ಸಿದ್ರೆ ಛತ್ರಿ ಹಿಡ್ಕೊಂಡು ನಿಂತಿರ್ಬೇಕು, ಅದಕ್ಕೆ ಆಗುಂಬೆನೇ ಸಾಕಲ್ಲ.