ಭೂತಗನ್ನಡಿ ಹಿಡಿದು ಓದುವ ಆಕ್ಸ್‌ಫರ್ಡ್ ನಿಘಂಟು: 11 ವರ್ಷ ಬಳಸಿದ ಮೇಲೆ

ಹದಿನೇಳನೇ ಶತಮಾನದ ಇಂಗ್ಲಿಷ್ ಗದ್ಯವನ್ನು ಕನ್ನಡಕ್ಕೆ ತರುತ್ತಿದ್ದಾಗ ಒಂದು ಪದ ನನ್ನನ್ನು ಎರಡು ದಿನ ಮುಂದೆ ಹೋಗಗೊಡಲಿಲ್ಲ: ನ್ಯೂಡಿಯಸ್‌ಟರ್ಶಿಯನ್. ಮನೆಯಲ್ಲಿದ್ದ ಯಾವ ನಿಘಂಟಿನಲ್ಲೂ ಅದು ಸಿಗಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1971ರ ಕಾಂಪ್ಯಾಕ್ಟ್ ಆವೃತ್ತಿಯನ್ನು ಹಳೇ ಪುಸ್ತಕದ ಅಂಗಡಿಯಿಂದ ತಂದದ್ದು ಅದೊಂದೇ ಪದಕ್ಕಾಗಿ. ಅದಾಗಿ 11 ವರ್ಷವಾಯಿತು. ನನ್ನ ಮೇಜಿನ ಮೇಲೆ ಇದರಷ್ಟು ಕೆಲಸ ಮಾಡಿದ ಪುಸ್ತಕ ಇನ್ನೊಂದಿಲ್ಲ.

ಮೂಲ ನಿಘಂಟು ಕಂತು ಕಂತಾಗಿ 1884ರಿಂದ 1928ರವರೆಗೆ ಹೊರಬಂತು. ಅದರ ಸುಮಾರು ಅರ್ಧ ಭಾಗ ಜೇಮ್ಸ್ ಮರೆ ಅವರ ಸಂಪಾದನೆಯದು. ಮುಗಿಯುವುದನ್ನು ನೋಡಲು ಅವರು ಉಳಿಯಲಿಲ್ಲ, 1915ರಲ್ಲಿ ತೀರಿಕೊಂಡರು. 1933ರಲ್ಲಿ ಪುರವಣಿಯೂ ಸೇರಿ 13 ಸಂಪುಟವಾದದ್ದನ್ನು ಇಲ್ಲಿ ಎರಡಕ್ಕೆ ಇಳಿಸಿದ್ದಾರೆ. ಮೂಲದ ನಾಲ್ಕು ಪುಟಗಳನ್ನು ಫೋಟೊ ತೆಗೆದು, ಕುಗ್ಗಿಸಿ, ಒಂದೇ ಪುಟದಲ್ಲಿ ಕೂರಿಸಿದ್ದಾರೆ. ಅಕ್ಷರ ಸಾಸಿವೆ ಕಾಳಿಗಿಂತ ಚಿಕ್ಕದು. ಅದಕ್ಕೇ ಪೆಟ್ಟಿಗೆಯ ತಲೆಯ ಮೇಲೊಂದು ಪುಟ್ಟ ಡ್ರಾಯರು, ಅದರೊಳಗೆ ಭೂತಗನ್ನಡಿ.

ಆ ಪದ ಸಿಕ್ಕಿತು, ಮೊದಲ ಸಂಪುಟದಲ್ಲೇ. ಅದರ ಮುಂದೆ ಕಠಾರಿಯಂಥ ಸಣ್ಣ ಗುರುತು; ಬಳಕೆ ತಪ್ಪಿದೆ ಎಂದು ಅರ್ಥ. ಲ್ಯಾಟಿನ್ನಿನಲ್ಲಿ 'ನುದಿಯುಸ್ ತೆರ್ತಿಯುಸ್' ಎಂದರೆ 'ಈಗ ಮೂರನೇ ದಿನ'. ರೋಮನ್ನರು ಇವತ್ತನ್ನೂ ಸೇರಿಸಿ ಎಣಿಸುತ್ತಿದ್ದರು: ಇವತ್ತು, ನಿನ್ನೆ, ಮೊನ್ನೆ. ಮೂರನೆಯದು ಮೊನ್ನೆ! ಪದಕ್ಕೆ ಸಾಕ್ಷಿಯಾಗಿ ಕೊಟ್ಟಿರುವುದು ನಥೇನಿಯಲ್ ವಾರ್ಡ್ ಎಂಬ ಪಾದ್ರಿಯ 1647ರ ಮಾತು. ಆಸ್ಥಾನದ 'ಮೊನ್ನೆಯ' ಉಡುಗೆ ಏನೆಂದು ವಿಚಾರಿಸುವ ಹೆಂಗಸರನ್ನು ಆತ ಅಲ್ಲಿ ಹೀಯಾಳಿಸುತ್ತಾನೆ. ಎರಡು ದಿನ ತಲೆ ಕೆಡಿಸಿದ್ದ ವಾಕ್ಯ ಆ ಗಳಿಗೆಯಲ್ಲೇ ಕನ್ನಡವಾಯಿತು: 'ಅರಮನೆಯ ಮೊನ್ನೆಮೊನ್ನೆಯ ಫ್ಯಾಷನ್ನು'. ಇಂಗ್ಲಿಷಿನವರು ರೋಮಿನಿಂದ ಕಡ ತಂದು ಕೈಬಿಟ್ಟ ಪದ ನಮ್ಮ ಅಮ್ಮ ದಿನಕ್ಕೆ ಹತ್ತು ಸಲ ಆಡುವ ಮಾತು. ಅವತ್ತು ಆದ ಸಂತೋಷವನ್ನು ಇವತ್ತಿಗೂ ಮರೆತಿಲ್ಲ.

ಆಮೇಲೆ ನಾಡಿದ್ದನ್ನು ಹುಡುಕಿದೆ. ಅದು ಎರಡನೇ ಸಂಪುಟದಲ್ಲಿದೆ: ಪೆರೆಂಡಿನೇಟ್. ಲ್ಯಾಟಿನ್ನಿನ 'ಪೆರೆಂದಿಯೆ' ಅಂದರೆ ನಾಡಿದ್ದು. ಅದರಿಂದ ಹುಟ್ಟಿದ ಈ ಕ್ರಿಯಾಪದಕ್ಕೆ ನಾಡಿದ್ದಿಗೆ ತಳ್ಳು ಎಂದು ಅರ್ಥ. ಪ್ರೊಕ್ರಾಸ್ಟಿನೇಟ್ ಎಲ್ಲರಿಗೂ ಗೊತ್ತು. ಅದರ ಹೊಟ್ಟೆಯಲ್ಲಿರುವುದು 'ಕ್ರಾಸ್', ಎಂದರೆ ನಾಳೆ. ನಾಳೆಗೆ ತಳ್ಳುವ ಪದ ಉಳಿಯಿತು, ನಾಡಿದ್ದಿಗೆ ತಳ್ಳುವ ಪದ ಮೂಲೆಗೆ ಬಿತ್ತು. ಹಾಗೆಂದು ಇಂಗ್ಲಿಷಿಗೆ ತನ್ನದೇ ಪದ ಇರಲಿಲ್ಲವೆಂದಲ್ಲ. ಮೈಲ್ಸ್ ಕವರ್‌ಡೇಲ್ 1535ರ ಬೈಬಲ್ ಅನುವಾದದಲ್ಲಿ ನಾಡಿದ್ದಿಗೆ 'ಓವರ್‌ಮಾರೊ' ಎಂದು ಬರೆದಿದ್ದಾನೆ. ಅದೂ ಹೋಯಿತು.

ಪದದ ಮೂಲ ಚೌಕಾವರಣದೊಳಗೆ ಇರುತ್ತದೆ. ಮೊದಮೊದಲು ಅದನ್ನು ದಾಟಿ ಹೋಗುತ್ತಿದ್ದೆ, ಈಗ ಅಲ್ಲಿಂದಲೇ ಓದು ಶುರು. ನಮ್ಮ ತತ್ಸಮ–ತದ್ಭವದ ಲೆಕ್ಕ ಗೊತ್ತಿದ್ದವರಿಗೆ ಇದು ತಟ್ಟನೆ ಹಿಡಿಯುತ್ತದೆ. ಲ್ಯಾಟಿನ್ನಿನ 'ಫ್ರಾಗಿಲಿಸ್' ಹೆಚ್ಚುಕಡಿಮೆ ಹಾಗೇ ಬಂದು ಫ್ರಜೈಲ್ ಆಯಿತು. ಅದೇ ಪದ ಫ್ರೆಂಚರ ಬಾಯಲ್ಲಿ ಸವೆದು ಬಂದು ಫ್ರೇಲ್ ಆಯಿತು. ಒಂದು ತತ್ಸಮ, ಇನ್ನೊಂದು ತದ್ಭವ.

ನನಗೆ ತುಂಬ ಇಷ್ಟವಾದ ಇನ್ನೊಂದು ಪದ ಆಪ್ರಿಕೇಟ್. ಬಿಸಿಲು ಕಾಯಿಸು ಎಂದೇ ಅರ್ಥ. ಲ್ಯಾಟಿನ್ನಿನ 'ಆಪ್ರಿಕುಸ್', ಅಂದರೆ ಬಿಸಿಲು ಬೀಳುವ ಜಾಗ, ಅದರ ಮೂಲ. ಫೋನಿನಲ್ಲಿ ನಾನು ಕೆಲವು ತಿಂಗಳು ಬಳಸಿದ ಒಂದು ಆ್ಯಪ್ ಆಪ್ರಿಕಾಟ್ ಹಣ್ಣಿನ ಹೆಸರೂ ಇದರಿಂದಲೇ ಬಂತು, ಬಿಸಿಲಲ್ಲಿ ಮಾಗುವ ಹಣ್ಣು ಎಂದು ಹೇಳಿತ್ತು. ನಂಬಿ ಟಿಪ್ಪಣಿಯಲ್ಲಿ ಬರೆದೂಬಿಟ್ಟಿದ್ದೆ. ಈ ನಿಘಂಟು ತೆಗೆದರೆ, ಅದು 1617ರಲ್ಲಿ ಜಾನ್ ಮಿನ್ಶೂ ಎಂಬ ನಿಘಂಟುಕಾರ ಕೊಟ್ಟಿದ್ದ ತಪ್ಪು ವಿವರಣೆ! ನಿಜವಾದ ದಾರಿ ಬೇರೆ: ಬೇಗ ಮಾಗುವುದು ಎಂಬ ಅರ್ಥದ ಲ್ಯಾಟಿನ್ ಪದ ಗ್ರೀಕಿಗೆ ಹೋಗಿ, ಅರಬಿಯಲ್ಲಿ 'ಅಲ್' ಅಂಟಿಸಿಕೊಂಡು, ಸ್ಪೇನ್–ಪೋರ್ಚುಗಲ್ ಕಡೆಯಿಂದ ಇಂಗ್ಲಿಷಿಗೆ ಬಂತು. ಆ್ಯಪನ್ನು ಅವತ್ತೇ ತೆಗೆದುಹಾಕಿದೆ.

ಕೊರತೆಗಳಿವೆ. ಉಚ್ಚಾರಣೆಗೆ ಮರೆ ತಮ್ಮದೇ ಗುರುತುಗಳನ್ನು ಕಟ್ಟಿಕೊಂಡಿದ್ದರು, ಈಗಿನ ಅಂತರರಾಷ್ಟ್ರೀಯ ಲಿಪಿಗೆ ಒಗ್ಗಿದವರಿಗೆ ಅವು ತಿಳಿಯುವುದಿಲ್ಲ; ನಾನಂತೂ ಆ ಭಾಗವನ್ನು ಬಿಟ್ಟೇಬಿಟ್ಟಿದ್ದೇನೆ. 'ಎ' ಅಕ್ಷರದ ಪಾಂಡಿತ್ಯ 19ನೇ ಶತಮಾನದ್ದು ಎಂಬುದೂ ನೆನಪಿರಬೇಕು. 2000ದಿಂದ ಪರಿಷ್ಕೃತ ಮೂರನೇ ಆವೃತ್ತಿ ಅಂತರಜಾಲದಲ್ಲಿ ಹಂತಹಂತವಾಗಿ ಬರುತ್ತಿದೆ. ಮೂಲದ ಬಗ್ಗೆ ಅನುಮಾನ ಬಂದರೆ ಅಲ್ಲಿ ತಾಳೆ ನೋಡುತ್ತೇನೆ. ಸಂಜೆಯ ಬಲ್ಬಿನ ಬೆಳಕಿನಲ್ಲಿ ಅರ್ಧ ಗಂಟೆ ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ಹುಡುಕಬೇಕಾದ ಪದಗಳನ್ನು ಚೀಟಿಯಲ್ಲಿ ಬರೆದಿಟ್ಟು ಬೆಳಗ್ಗೆ ಒಟ್ಟಿಗೆ ನೋಡುತ್ತೇನೆ.

ಬೆಳಗ್ಗೆ ಎಂದೆ, ಆದರೆ ಬಿಸಿಲಿಗೆ ಮಾತ್ರ ಒಯ್ಯಬೇಡಿ. ಒಮ್ಮೆ ಜಗಲಿಯಲ್ಲಿ ಪುಸ್ತಕ ತೆರೆದು, ಗಾಜನ್ನು ಓರೆಯಾಗಿ ಅದರ ಮೇಲಿಟ್ಟು ಕಾಫಿಗೆ ಎದ್ದು ಹೋದೆ. ಬರುವಷ್ಟರಲ್ಲಿ ಸುಟ್ಟ ವಾಸನೆ. ಕಾಗದದ ಮೇಲೆ ಕಡಲೆಬೇಳೆಯಷ್ಟು ಕಂದು ಕಲೆ, ನಡುವೆ ತೂತು. ಅಲ್ಲಿದ್ದ ಎರಡು ಸಾಲು ಹೋದವು. ಇಂದಿಗೂ ಆ ಪುಟ ತೆರೆದರೆ ಹೊಟ್ಟೆ ಚುರುಕ್ ಎನ್ನುತ್ತದೆ.

ಮಳೆಗಾಲದಲ್ಲಿ ನಾನು ಸಂಪುಟಗಳ ಹಿಂದೆ ಬೇವಿನೆಲೆ ಇಡುತ್ತೇನೆ, ಹದಿನೈದು ದಿನಕ್ಕೊಮ್ಮೆ ಹಾಳೆ ಬಿಡಿಸಿ ಗಾಳಿಯಾಡಿಸುತ್ತೇನೆ. ಸಂಪುಟ ಎತ್ತಲು ಎರಡೂ ಕೈ ಬೇಕು. ಒಂದೇ ಕೈಯಲ್ಲಿ ಬೆನ್ನು ಹಿಡಿದು ಎಳೆದರೆ ಹೊಲಿಗೆ ಸಡಿಲವಾಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿಗೆ ಇದನ್ನು ಕೊಡಿಸಬೇಡಿ, ಅವರಿಗೆ ಬೇಕಾದ ಇವತ್ತಿನ ಪದಗಳು ಇದರಲ್ಲಿಲ್ಲ. ಹಳೆಯ ಇಂಗ್ಲಿಷ್ ಓದುವವರು, ಅನುವಾದ ಮಾಡುವವರು ಕಣ್ಣುಮುಚ್ಚಿ ಕೊಳ್ಳಬಹುದು. ಅಂಗಡಿಯಲ್ಲೇ ಡ್ರಾಯರು ಎಳೆದು ಗಾಜು ಇದೆಯೇ, ಗೀರು ಬಿದ್ದಿದೆಯೇ ನೋಡಿ. ಎರಡೂ ಸಂಪುಟ ಇವೆಯೇ ಎಂದೂ ನೋಡಿಕೊಳ್ಳಿ. ಮೊದಲನೆಯದು 'ಒ' ಅಕ್ಷರಕ್ಕೇ ಮುಗಿಯುತ್ತದೆ.