ಮರಳುನಾಡಿನಲ್ಲಿ ಹೂವಿನ ಕಟ್ಟಡಗಳು: ದುಬೈ ಮಿರಾಕಲ್ ಗಾರ್ಡನ್

ದುಬೈನ ಮಿರಾಕಲ್ ಗಾರ್ಡನ್ ನೋಡಬೇಕೆಂದಿರುವವರು ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲೇ ಗಮನಿಸಬೇಕಾದ ಸಂಗತಿಯೆಂದರೆ, ಅದು ವರ್ಷವಿಡೀ ತೆರೆದಿರುವ ಉದ್ಯಾನವಲ್ಲ. ಚಳಿಗಾಲ ಸಮೀಪಿಸುತ್ತಿದ್ದಂತೆ ತೆರೆಯುವ ಈ ತೋಟವು, ತಾಪಮಾನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಮುಚ್ಚಿರುತ್ತದೆ. ಮತ್ತೆ ತೆರೆಯುವಾಗ ಗಿಡಗಳು ಹೊಸವು, ಎಷ್ಟೋ ಆಕೃತಿಗಳೂ ಹೊಸವು. ಹೀಗಾಗಿ ಹಳೆಯ ಫೋಟೋ ನೋಡಿ ಹೋದವರಿಗೆ ಅದೇ ದೃಶ್ಯ ಸಿಗಬೇಕೆಂದೇನಿಲ್ಲ.

2013ರ ಫೆಬ್ರವರಿ 14ರಂದು ಆರಂಭವಾದ ಈ ತೋಟದ ವಿಸ್ತಾರ ಸುಮಾರು 72,000 ಚದರ ಮೀಟರ್. ಎಕರೆಯಲ್ಲಿ ಹೇಳುವುದಾದರೆ ಹದಿನೆಂಟರಷ್ಟು. ಇಲ್ಲಿನ ಹೂಗಳ ಲೆಕ್ಕ ಕೋಟಿಗಳಲ್ಲಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೂಗಳ ಸಂಖ್ಯೆಯಲ್ಲ, ಅವು ನಿಂತಿರುವ ಬಗೆ. ಇಲ್ಲಿ ಹೂವು ನೆಲದಲ್ಲಿ ಬೆಳೆಯುವುದಕ್ಕಿಂತ ಹೆಚ್ಚಾಗಿ ಗೋಡೆಯಾಗಿ, ಕಮಾನಾಗಿ, ಛಾವಣಿಯಾಗಿ ಎದ್ದು ನಿಲ್ಲುತ್ತದೆ. ಇದನ್ನು ತೋಟವೆನ್ನುವುದಕ್ಕಿಂತ ಹೂವಿನಿಂದ ಕಟ್ಟಿದ ಒಂದು ಊರು ಎನ್ನುವುದೇ ಸರಿ.

ಇದಕ್ಕೆ ದೊಡ್ಡ ಸಾಕ್ಷಿ ಎಮಿರೇಟ್ಸ್ ಸಂಸ್ಥೆಯ ಎ380 ವಿಮಾನದ ಆಕೃತಿ. ನಿಜವಾದ ವಿಮಾನದಷ್ಟೇ ದೊಡ್ಡದಾದ, 70 ಮೀಟರಿಗೂ ಹೆಚ್ಚು ಉದ್ದದ ಚೌಕಟ್ಟಿಗೆ ಐದು ಲಕ್ಷಕ್ಕೂ ಹೆಚ್ಚು ಹೂ ಮತ್ತು ಗಿಡಗಳನ್ನು ಹೊದಿಸಿದ ಇದು 2016ರಲ್ಲಿ ಗಿನ್ನೆಸ್ ದಾಖಲೆ ಪಡೆಯಿತು. 2018ರಲ್ಲಿ ಎದ್ದ 18 ಮೀಟರ್ ಎತ್ತರದ ಮಿಕ್ಕಿ ಮೌಸ್‌ಗೂ ಅಂಥದೇ ದಾಖಲೆಯಿದೆ. ದೂರದಿಂದ ಎಲ್ಲರಂತೆ ಫೋಟೋ ತೆಗೆದುಕೊಂಡ ಮೇಲೆ, ಯಾವುದಾದರೂ ಹೂಗೋಡೆಯ ಹತ್ತಿರ ಹೋಗಿ ಎಲೆಗಳ ನಡುವೆ ಕಣ್ಣು ಹಾಯಿಸಿರಿ. ಬಣ್ಣದ ಹಿಂದೆ ಸಣ್ಣ ಕುಂಡಗಳ ಸಾಲು, ಅವುಗಳನ್ನು ಬಳಸಿ ಸಾಗುವ ಹನಿ ನೀರಾವರಿಯ ಕೊಳವೆಗಳು ಕಾಣುತ್ತವೆ. ಮಳೆಯೇ ಅಪರೂಪವಾದ ಈ ನಗರದಲ್ಲಿ ಗಿಡಗಳಿಗೆ ಹನಿಯುವುದು ಸಂಸ್ಕರಿಸಿದ ತ್ಯಾಜ್ಯನೀರು. ನನಗಂತೂ ವಿಮಾನಕ್ಕಿಂತ ಈ ಕೊಳವೆಗಳೇ ದೊಡ್ಡ ಅಚ್ಚರಿ.

ಹೂಗಳಲ್ಲಿ ಪೆಟೂನಿಯಾದ್ದೇ ಮೇಲುಗೈ. ಚೆಂಡುಹೂ, ಜೆರೇನಿಯಂಗಳೂ ಇವೆ. ಹಗಲಿನ ಬಿಸಿಲನ್ನೂ ರಾತ್ರಿಯ ತಂಪನ್ನೂ ತಾಳಿಕೊಂಡು ತಿಂಗಳುಗಟ್ಟಲೆ ಅರಳುವ, ಕುಂಡದಿಂದ ಇಳಿಬಿದ್ದು ಚೌಕಟ್ಟನ್ನು ಮರೆಮಾಡುವ ಪೆಟೂನಿಯಾ ಇಂಥ ಕಟ್ಟಡಗಳಿಗೆ ಹೇಳಿಮಾಡಿಸಿದ ಗಿಡ. ಪರಿಮಳವನ್ನು ಬಯಸಿ ಬರುವವರಿಗೆ ಮಾತ್ರ ಈ ತೋಟ ಅಷ್ಟಾಗಿ ಒಗ್ಗಲಿಕ್ಕಿಲ್ಲ. ಇಲ್ಲಿ ಎಲ್ಲವೂ ಕಣ್ಣಿಗೆ. ಬಣ್ಣ ಅತಿಯಾಯಿತು ಎನ್ನಿಸಿದಾಗ ತೂಗುಹಾಕಿದ ಬಣ್ಣದ ಕೊಡೆಗಳ ಕೆಳಗೆ ಹೋಗಿ ನಿಂತೆ. ಅಲ್ಲಿಯೂ ಬಣ್ಣವೇ, ಆದರೆ ನೆರಳಿತ್ತು.

ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸಂಜೆಗಳು ಭೇಟಿಗೆ ಉತ್ತಮ. ವಾರಾಂತ್ಯದ ಜನಜಂಗುಳಿಯನ್ನು ತಪ್ಪಿಸಿಕೊಳ್ಳುವುದು ಒಳ್ಳೆಯದು. ಪ್ರವೇಶ ಶುಲ್ಕ ಹಂಗಾಮಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಪಕ್ಕದಲ್ಲಿರುವ ಚಿಟ್ಟೆಗಳ ಉದ್ಯಾನಕ್ಕೆ ಬೇರೆ ಟಿಕೆಟ್ ಇದೆ. ಅದು ಹವಾನಿಯಂತ್ರಿತ ಗುಮ್ಮಟಗಳ ಒಳಗಿರುವುದರಿಂದ ಮಧ್ಯಾಹ್ನವನ್ನು ಅಲ್ಲಿ ಕಳೆದು, ಬಿಸಿಲು ಇಳಿದ ಮೇಲೆ ಹೂಗಳ ಕಡೆಗೆ ಬರಬಹುದು. ಸೂರ್ಯಾಸ್ತದ ನಂತರ ದೀಪಗಳು ಹೊತ್ತಿಕೊಳ್ಳುವವರೆಗೂ ಉಳಿದರೆ, ಹಗಲಿನಲ್ಲಿ ಕಣ್ಣು ಕುಕ್ಕುತ್ತಿದ್ದ ಅದೇ ಹೂಗೋಡೆಗಳು ಮೃದುವಾಗಿ ಕಾಣುತ್ತವೆ.